ಹಸಿರು ಕಲ್ಲಿನ ಬಳೆ ತೊಟ್ಟ ಅಕ್ಕೋರು

ಅಕ್ಕೋರ ಬಲಗೈಯ ಹೆಬ್ಬೆರಳಿನ ಉಗುರು ನಡುವೆ ಸೀಳಿ ಮತ್ತೆ ಕೂಡಿಕೊಂಡಿತ್ತು. ಮಧ್ಯೆ ಒಂದು ಏಣು, ಎರಡೂ ಕಡೆ ಚಪ್ಪಟೆ, ಬಣ್ಣ ಹಳೆಯ ದಂತದ್ದು. ಅವರ ಅಪ್ಪ ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲುಗಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಒಂಬತ್ತು ವರ್ಷದ ಮಗಳು ಬುತ್ತಿ ಕೊಡಲು ಹೋದಾಗ ಕಲ್ಲಿನ ಚಪ್ಪಡಿಯೊಂದು ಜಾರಿ ಆ ಬೆರಳಿನ ಮೇಲೆ ಕೂತಿತಂತೆ. “ಅತ್ತಿಯೇನು ಅಂತ ಎಲ್ಲಾರೂ ಕೇಳ್ತಾರ,” ಎನ್ನುತ್ತಿದ್ದರು. “ಅತ್ತೆ. ಯಾಕ ಸುಳ್ಳು ಹೇಳ್ಲಿ? ಆದ್ರ ಮರುದಿನದ ಬುತ್ತೀನೂ ನಾನೇ ಒಯ್ದೆ.”

ಕಲ್ಲು ಯಾವುದೇ ಇರಲಿ, ಮೊದಲು ಆ ಹೆಬ್ಬೆರಳಿನಿಂದ ಉಜ್ಜಿ ನೋಡುವುದು ಅವರ ಅಭ್ಯಾಸ. ಪಾರ್ಕಿನ ಬೆಂಚಿನ ಕಲ್ಲು, ಅಂಗಡಿಯ ಕಟ್ಟೆ, ನನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯ ಕೌಂಟರು, ಯಾವುದನ್ನೂ ಬಿಟ್ಟವರಲ್ಲ. “ಇದು ಕಲ್ಲಲ್ಲ ಬಿಡು, ಪುಡಿಗೆ ಅಂಟು ಕಲಸಿ ಒತ್ಯಾರ,” ಎಂದು ನನ್ನ ಕೌಂಟರಿಗೆ ಮೊದಲ ದಿನವೇ ತೀರ್ಪು ಕೊಟ್ಟಿದ್ದರು. ಮೂವತ್ತೊಂದು ವರ್ಷ ಬಾಗಲಕೋಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಅವರ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಮಗ, ಸೊಸೆ ಬಿಟ್ಟು ಸ್ಯಾನ್ ಹೋಸೆಯ ನಮ್ಮ ಬಡಾವಣೆಯಾದ ಎವರ್‌ಗ್ರೀನಿನಲ್ಲಿ ಅವರನ್ನು ಬಲ್ಲವರೆಲ್ಲರಿಗೂ ಅವರು ಅಕ್ಕೋರೇ. ನನಗೂ ಅಷ್ಟೆ.

ಅವರು ನನಗೆ ಸಿಕ್ಕಿದ್ದು ಒಂದು ಬುಧವಾರ, ಬೆಳಗಿನ ಹತ್ತು ಗಂಟೆಗೆ, ಬೆಟ್ಟದ ಬುಡದ ಪಾರ್ಕಿನಲ್ಲಿ. ಹೊತ್ತು ಏಕೆ ಹೇಳುತ್ತೇನೆಂದರೆ, ನಮ್ಮ ಓಣಿಯಲ್ಲಿ ಬುಧವಾರ ಹತ್ತು ಗಂಟೆಗೆ ಪಾರ್ಕಿನಲ್ಲಿ ಕೂರುವ ವಯಸ್ಸು ನನ್ನದಲ್ಲ. ಹಿಂದಿನ ಗುರುವಾರ ನನ್ನನ್ನು ಕೆಲಸದಿಂದ ತೆಗೆದಿದ್ದರು. ಹದಿನೈದು ನಿಮಿಷದ ಮೀಟಿಂಗು, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪು ಸತ್ತಿತ್ತು. ನನ್ನ ವೀಸಾದ ಪ್ರಕಾರ ಅರವತ್ತು ದಿನದೊಳಗೆ ಇನ್ನೊಂದು ಕೆಲಸ ಸಿಗಬೇಕು, ಇಲ್ಲವಾದರೆ ದೇಶ ಬಿಡಬೇಕು. ಮೈಸೂರಿನಲ್ಲಿದ್ದ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಸ್ನೇಹಿತರಿಗೂ ಹೇಳಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಕಾರು ತೆಗೆದು ಆಫೀಸಿಗೆ ಹೊರಟವಳಂತೆ ಹೊರಟು, ಪಕ್ಕದ ಓಣಿಯಲ್ಲಿ ನಿಲ್ಲಿಸಿ, ಪಾರ್ಕಿನಲ್ಲಿ ಕೂತು ಅರ್ಜಿ ಹಾಕುತ್ತಿದ್ದೆ. ಒಬ್ಬಳೇ ಇದ್ದವಳು, ಯಾರಿಗೆ ತೋರಿಸಲು ಹಾಗೆ ಮಾಡುತ್ತಿದ್ದೆನೋ, ಈಗ ನೆನೆದರೆ ನನಗೇ ತಿಳಿಯುವುದಿಲ್ಲ.

ಎದುರಿನ ದಾರಿಯಲ್ಲಿ ಇಳಕಲ್ ಸೀರೆ, ಅದರ ಕೆಳಗೆ ಗಂಡಸರ ಬಿಳಿ ಸ್ಪೋರ್ಟ್ಸ್ ಶೂ ತೊಟ್ಟ ಹೆಂಗಸೊಬ್ಬರು ದಾಪುಗಾಲು ಹಾಕುತ್ತಾ ಬಂದರು. ನನ್ನ ಮುಂದೆ ನಿಂತು, “ಕನ್ನಡದಾಕಿ ಹೌದಲ್ಲೋ?” ಎಂದರು. ಹೇಗೆ ಗೊತ್ತಾಯಿತು ಎಂದರೆ, “ಫೋನಿನಾಗ ‘ಪರವಾಗಿಲ್ಲ, ಪರವಾಗಿಲ್ಲ’ ಅನ್ನಾಕತ್ತಿದ್ದಿ. ಹತ್ತು ಸಲ ಅಂದಿ. ನಾ ಎಣಿಸೀನಿ.” ಅಮ್ಮನ ಜೊತೆ ಮಾತಾಡಿ ಆಗಷ್ಟೇ ಫೋನು ಇಟ್ಟಿದ್ದೆ. “ನಿಮ್ಮ ಮೈಸೂರ ಮಂದಿ ಪರವಾಗಿಲ್ಲ ಅನಕೊಂತ ಅನಕೊಂತ ಸತ್ತೇ ಹೋಗ್ತೀರಿ,” ಎಂದು ಪಕ್ಕದಲ್ಲೇ ಕೂತರು. ಅಪರಿಚಿತರ ಮುಂದೆ ಅಳುವುದು ಸುಲಭವೇನೋ. ಹತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದೆ.

ಅವರು ಸಮಾಧಾನ ಹೇಳಲಿಲ್ಲ. ದೇವರ ಮೇಲೆ ಭಾರ ಹಾಕು ಅನ್ನಲೂ ಇಲ್ಲ. “ಹಂಗಾದ್ರ ನಿನಗ ಕೆಲಸ ಇಲ್ಲ, ನನಗ ಕಾರಿಲ್ಲ,” ಎಂದರು. “ಶನಿವಾರ ಎಂಟಕ್ಕ ಮನಿ ಮುಂದ ಬಾ. ಸಂತಿಗೆ ಹೋಗೂಣು.”

ಸಂತೆಯೆಂದರೆ ಸ್ಯಾನ್ ಹೋಸೆಯ ಪೂರ್ವಕ್ಕೆ ವಾರಾಂತ್ಯದಲ್ಲಿ ಮಾತ್ರ ನೆರೆಯುವ ಒಂದು ದೊಡ್ಡ ಬಯಲು. ಹತ್ತು ವರ್ಷದಿಂದ ಅದರ ಪಕ್ಕದ ಫ್ರೀವೇಯಲ್ಲಿ ದಿನವೂ ಓಡಾಡಿದ್ದೆ, ಒಂದು ದಿನವೂ ಇಳಿದಿರಲಿಲ್ಲ. ಅಕ್ಕೋರು ಬಂದ ಎರಡನೇ ತಿಂಗಳಿಗೇ ಬಸ್ಸಿನ ಕಿಟಕಿಯಿಂದ ಅದನ್ನು ಕಂಡುಹಿಡಿದಿದ್ದರಂತೆ. ಮಗನ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಸೊಸೆಗೆ ಶನಿವಾರವೂ ಆಸ್ಪತ್ರೆಯ ಡ್ಯೂಟಿ, ಮಗನಿಗೆ ಮೊಮ್ಮಗಳ ಈಜು, ಡ್ಯಾನ್ಸು ಎಂದು ಊರೆಲ್ಲ ಸುತ್ತುವ ಕೆಲಸ. ಅವರಿಗೆ ಗ್ರೀನ್ ಕಾರ್ಡು ಬಂದು ಎರಡು ವರ್ಷವಾಗಿತ್ತು. ಆದರೂ ಯಾರಾದರೂ “ಮಗನ ಹತ್ತಿರ ಇರೋಕೆ ಬಂದಿದ್ದೀರಾ?” ಎಂದರೆ ತಿದ್ದುತ್ತಿದ್ದರು. “ಇಲ್ರಿ. ಪ್ರವಾಸಕ್ಕ ಬಂದೀನಿ.” ಕಾರಿನಲ್ಲಿ ಒಮ್ಮೆ ನನಗೆ ಬಿಡಿಸಿ ಹೇಳಿದರು: “ಮನಿಗೆ ಬಂದ ಬೀಗರು ಅಂದ್ರ ಕುಂದರಬೇಕು, ಕೊಟ್ಟಿದ್ದು ಉಣಬೇಕು. ಪ್ರವಾಸಿ ಅಂದ್ರ ನಡೀಬೇಕು, ಕೇಳಬೇಕು, ಮುಟ್ಟಿ ನೋಡಬೇಕು. ಎಪ್ಪತ್ತು ವರ್ಷ ಒಂದೇ ಜಿಲ್ಲಾದಾಗ ಕಳದಾಕಿ ನಾನು. ಇಲ್ಲಿ ಬಂದು ಸೋಫಾ ಕಾಯ್ಲೇನು?”

ಬಯಲಿನ ಒಂದು ಸಾಲಿನಲ್ಲಿ ಮೆಕ್ಸಿಕೋದ ಮಣ್ಣಿನ ಗಡಿಗೆ, ನೇಯ್ದ ಕಂಬಳಿ. ಮುಂದಿನ ಸಾಲಿನಲ್ಲಿ ಬಕೆಟ್ಟುಗಳಲ್ಲಿ ಸೇವಂತಿಗೆ, ಚೆಂಡುಹೂವು, ಹೆಸರು ಗೊತ್ತಿಲ್ಲದ ನೂರು ಬಗೆ. ಅದರಾಚೆ ನೀಲಿ ಟಾರ್ಪಾಲಿನ ನೆರಳಿನಲ್ಲಿ ಜೇಡ್ ಎಂಬ ಹಸಿರು ಕಲ್ಲಿನ ಒಡವೆ ಮಾರುವವರು. ಅಲ್ಲಿ ಕಡೆಯ ಮೇಜು ವಿಯೆಟ್ನಾಮಿನಿಂದ ಬಂದ ಒಬ್ಬ ಚೀನೀ ಅಜ್ಜಿಯದು. ಅಕ್ಕೋರಿಗಿಂತ ಗೇಣುದ್ದ ಗಿಡ್ಡ, ಹತ್ತಿಯ ಟೋಪಿ, ಬಾಯಲ್ಲಿ ಸದಾ ಏನೋ ಬೀಜ. ಅವರಿಗೆ ಇಂಗ್ಲಿಷು ಬಾರದು. ಅಕ್ಕೋರಿಗೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಆ ಅಜ್ಜಿಯ ಮುಂದೆ ಆಡುತ್ತಿರಲಿಲ್ಲ. “ಅಕಿಗೆ ಬರಂಗಿಲ್ಲ ಅಂದ ಮ್ಯಾಲೆ ನಾ ಯಾಕ ಆಡ್ಲಿ? ಅಕಿ ತನ್ನ ಮಾತು ಆಡ್ಲಿ, ನಾ ನನ್ನ ಮಾತು ಆಡ್ತೀನಿ. ಇಬ್ಬರೂ ಸರಿಸಮ.” ಹಾಗೆಯೇ ಆಡುತ್ತಿದ್ದರು. ಅಜ್ಜಿ ಒಂದು ಕಲ್ಲು ಕೊಡುವುದು, ಅಕ್ಕೋರು ಹೆಬ್ಬೆರಳಿನಿಂದ ಉಜ್ಜಿ, ಮೇಲ್ದುಟಿಗೆ ಮುಟ್ಟಿಸಿ ತಂಪು ನೋಡಿ, ಬಿಸಿಲಿಗೆ ಹಿಡಿದು, “ಇದು ಖರೇ ಐತಿ” ಅಥವಾ “ಇದು ಬ್ಯಾಡ ತಾಯಿ” ಎನ್ನುವುದು. ಖರೇ ಅಂದದ್ದನ್ನು ಅಜ್ಜಿ ಬಲಕ್ಕೆ ಇಡುತ್ತಿದ್ದರು, ಬೇಡ ಅಂದದ್ದನ್ನು ನಗುತ್ತಾ ಎಡಕ್ಕೆ. ಎಡಬಲ ತಪ್ಪಿದ್ದನ್ನು ನಾನು ಕಾಣಲಿಲ್ಲ.

ಆ ಅರವತ್ತು ದಿನಗಳಲ್ಲಿ ವಾರಕ್ಕೊಂದು ಸಂತೆ ನೋಡಿದೆವು. ಹಾಫ್ ಮೂನ್ ಬೇ ಕಡೆಯ ಹೂವಿನ ಸಂತೆ, ಸ್ಯಾನ್ ಫ್ರಾನ್ಸಿಸ್ಕೋದ ಬೀದಿ ಸಂತೆ, ಓಕ್ಲೆಂಡಿನ ಕೆರೆಯ ದಂಡೆಯ ಕರಕುಶಲದವರ ಸಂತೆ. ಅಕ್ಕೋರ ಹೆಗಲಿಗೆ ಒಂದು ಮಡಚುವ ಸ್ಟೂಲು, ಕೈಚೀಲದಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಕೊಳ್ಳುವುದು ಅಪರೂಪ. ಆದರೆ ಪ್ರತಿ ಮೇಜಿನ ಮುಂದೆ ನಿಂತು ಹೇಗೆ ಮಾಡುತ್ತೀರಿ, ಯಾರು ಕಲಿಸಿದರು, ಮಣ್ಣು ಎಲ್ಲಿಂದ ತರುತ್ತೀರಿ ಎಂದು ಕೇಳಲೇಬೇಕು. ಸಂತೆಯವರು ಅವರಿಗೆ ಕುರ್ಚಿ ಕೊಟ್ಟು ಉತ್ತರಿಸುತ್ತಿದ್ದರು. ನನಗೆ ಮೊದಮೊದಲು ನಾಚಿಕೆ. ಆಮೇಲೆ ನಾನೇ ಕೇಳತೊಡಗಿದೆ.

ಓಕ್ಲೆಂಡಿನಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿ ದಪ್ಪ ಗಡ್ಡದ ಒಬ್ಬಾತ ‘ಅಪ್ಪಟ ಜೇಡ್’ ಎಂದು ಬೋರ್ಡು ಹಾಕಿಕೊಂಡು ಹಸಿರು ಮಣಿಸರಗಳನ್ನು ಮಾರುತ್ತಿದ್ದ. ಕಾಲೇಜು ಹುಡುಗಿಯೊಬ್ಬಳು ತನ್ನ ಅಜ್ಜಿಗೆಂದು ಒಂದನ್ನು ಆರಿಸಿದ್ದಳು. ಅಕ್ಕೋರು ಸರ ಎತ್ತಿಕೊಂಡು ಉಜ್ಜಿದರು, ತುಟಿಗೆ ಮುಟ್ಟಿಸಿದರು, ಮಣಿಯ ತೂತಿನೊಳಗೆ ಕಣ್ಣಿಟ್ಟು ನೋಡಿದರು. ತೂತಿನ ಸುತ್ತ ಹಸಿರು ಬಣ್ಣ ಹೆಪ್ಪುಗಟ್ಟಿತ್ತು. ತಮ್ಮ ಹೈಸ್ಕೂಲಿನ ಇಂಗ್ಲಿಷಿನಲ್ಲಿ, ಪಾಠದ ದನಿಯಲ್ಲಿ, ಇದು ಬಣ್ಣ ಹಾಕಿದ ಬೆಣಚುಕಲ್ಲು, ಬೋರ್ಡು ತೆಗೆಯಿರಿ ಎಂದರು. ಆತ ನಕ್ಕ. ನಿಮಗೇನು ಗೊತ್ತು, ನಿಮ್ಮ ಪಾಡಿಗೆ ನೀವು ಹೋಗಿ ಎಂದ. ನಾನು ಅವರ ಸೆರಗು ಎಳೆದೆ. “ಅಕ್ಕೋರೇ, ಬನ್ನಿ, ನಮಗ್ಯಾಕೆ?”

“ನಮಗ್ಯಾಕ ಅಂದ್ರ?” ಎಂದು ಅವರು ಸ್ಟೂಲು ಬಿಚ್ಚಿ ಆತನ ಮೇಜಿನ ಮುಂದೆಯೇ ಹಾಕಿ ಕೂತರು. “ನಾ ಇಲ್ಲೇ ಕುಂದ್ರಾಕಿ. ಅಂವ ಬೋರ್ಡು ತಿದ್ದೂ ತನಕ.” ಬಂದವರಿಗೆಲ್ಲ, ಜಗಳದ ದನಿಯಲ್ಲಿ ಅಲ್ಲ, ಬಹಳ ಮರ್ಯಾದೆಯಿಂದ, ತೂತಿನೊಳಗೆ ನೋಡಿ ಎಂದು ತೋರಿಸಿದರು. ಚೀಲದಿಂದ ರೊಟ್ಟಿ ತೆಗೆದು ತಿಂದರು. ನನಗೂ ಕೊಟ್ಟರು. ಆತ ಸಂತೆಯ ಮೇಲ್ವಿಚಾರಕಿಯನ್ನು ಕರೆಸಿದ. ಆಕೆ ಬಂದು ತಾನೂ ತೂತಿನೊಳಗೆ ನೋಡಿ ಸರವನ್ನು ಆತನ ಕೈಗೇ ಕೊಟ್ಟಳು. ಒಂದು ತಾಸಿನ ಮೇಲೆ ಆತ ಬೋರ್ಡು ಕಿತ್ತು ಹಿಂದುಗಡೆ ತಿರುಗಿಸಿ, ‘ಹಸಿರು ಮಣಿಗಳು’ ಎಂದು ಬರೆದು ಇಟ್ಟ. ಅಕ್ಕೋರು ಎದ್ದು, “ಥ್ಯಾಂಕ್ಯೂ ಸರ್, ಯುವರ್ ಬೀಡ್ಸ್ ಆರ್ ವೆರಿ ಬ್ಯೂಟಿಫುಲ್,” ಎಂದು ಕೈಮುಗಿದರು. ಅದು ವ್ಯಂಗ್ಯವಾಗಿರಲಿಲ್ಲ. ಕಾರಿನಲ್ಲಿ ಹೇಳಿದರು, “ಮಣಿ ಛಂದಾನೇ ಇದ್ದವು. ಸುಳ್ಳು ಯಾಕ ಬೇಕಿತ್ತು ಅವಕ್ಕ?”

ಬಳೆಯ ಸಂಗತಿ ಇದಾದ ಮುಂದಿನ ಶನಿವಾರದ್ದು. ಅಕ್ಕೋರ ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಲ್ಲಿಂದ ಅವರ ಕೈ ಬರಿದು. ಚೀನೀ ಅಜ್ಜಿಗೆ ಅದರ ಕಾರಣ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಅಂದು ಅಜ್ಜಿ ಅಕ್ಕೋರ ಎಡಗೈ ಹಿಡಿದು ಎಳೆದು, ಅಂಗೈಗೆ ಸಾಬೂನು ನೀರು ಸವರಿ, ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ತೊಡಿಸಿ, ಅದರ ಮೇಲಿಂದ ಹೊಂಗೆಯ ಚಿಗುರಿನ ಬಣ್ಣದ ಬಳೆಯೊಂದನ್ನು ಒತ್ತತೊಡಗಿದರು. ಇಡಿಯ ಒಂದೇ ಕಲ್ಲನ್ನು ಕೊರೆದು ಮಾಡಿದ ಬಳೆ. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಅಕ್ಕೋರ ಕಣ್ಣಲ್ಲಿ ನೀರು ಬಂತು. ನಾನು ನೋವಿಗೆ ಅಂದುಕೊಂಡೆ. ಬೇಡ ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಬಳೆ ಒಮ್ಮೆಲೇ ಜಾರಿ ಮಣಿಕಟ್ಟಿಗೆ ಬಂದು ಕೂತಿತು.

ಹಿಂದಿರುಗುವಾಗ ಅಕ್ಕೋರು ತಾವಾಗಿಯೇ ಶುರು ಮಾಡಿದರು. “ಹತ್ತನೇ ದಿನಕ್ಕ ಹಿತ್ತಲದಾಗ ಕುಂದರಿಸಿ, ಒರಳಿಗೆ ಕೈ ಹಚ್ಚಿಸಿ ನನ್ನ ಬಳಿ ಒಡದ್ರು. ಡಜನ್ ಬಳಿ. ಒಡದಾಕಿ ನನ್ನ ಸ್ವಂತ ನಾದಿನಿ. ನಾ ಸೈನ್ಸ್ ಅಕ್ಕೋರು ತಂಗಿ. ಸಾಲ್ಯಾಗ ಹುಡುಗ್ಯಾರಿಗೆ ಇದೆಲ್ಲಾ ಮೂಢನಂಬಿಕಿ ಅಂತ ಹೇಳಿದಾಕಿ. ನನ್ನ ಪಾಳಿ ಬಂದಾಗ ಸುಮ್ಮನ ಕೈ ಕೊಟ್ಟೆ. ಅವರು ಸತ್ತ ದುಃಖಕ್ಕಿಂತ ಅದು ಹೆಚ್ಚು ಸುಡ್ತೈತಿ ನನಗ. ಬ್ಯಾಡ ಅಂತ ಒಂದು ಮಾತು ಅನಬೇಕಿತ್ತು.” ಫ್ರೀವೇಯ ಗದ್ದಲದಲ್ಲಿ ಬಳೆಯನ್ನು ತಿರುಗಿಸುತ್ತಾ ಕೂತಿದ್ದರು. ಆಮೇಲೆ ಟೀಚರ ದನಿ ಮರಳಿತು. “ಗಡಸು ಬ್ಯಾರೆ, ಗಟ್ಟಿ ಬ್ಯಾರೆ. ಗಡಸು ಅಂದ್ರ ಗೀರಿದ್ರ ಗೀರು ಬೀಳಬಾರದು. ಗಟ್ಟಿ ಅಂದ್ರ ಬಡದ್ರ ಒಡೀಬಾರದು. ವಜ್ರ ಗಡಸು, ಸುತ್ತಿಗಿ ಏಟಿಗೆ ಪುಡಿ ಆಗ್ತೈತಿ. ಈ ಕಲ್ಲು ಅಷ್ಟು ಗಡಸಲ್ಲ. ಆದ್ರ ಒಳಗಿನ ಎಳಿ ನಾರಿನಂಗ ಹೆಣಕೊಂಡಾವ. ಸುಲಭಕ್ಕ ಒಡ್ಯಾಕ ಬರಂಗಿಲ್ಲ.”

ಅದೇ ತಿಂಗಳು ವರಮಹಾಲಕ್ಷ್ಮಿ ಹಬ್ಬ. ಇಲ್ಲಿ ಹಬ್ಬಗಳೆಲ್ಲ ಶನಿವಾರಕ್ಕೇ ಬರುತ್ತವೆ. ನಮ್ಮ ಓಣಿಯಲ್ಲಿದ್ದ ಬೆಂಗಳೂರಿನವರ ಮನೆಯಲ್ಲಿ ಸಂಜೆಗೆ ಪೂಜೆ. ಹೂವು ತಂದುಕೊಡುವ ಕೆಲಸವನ್ನು ಅಕ್ಕೋರು ತಾವಾಗಿ ಒಪ್ಪಿಕೊಂಡಿದ್ದರು. ಬೆಳಗ್ಗೆ ಸಂತೆಗೆ ಹೋಗಿ ಎರಡು ಬಕೆಟ್ಟು ಬಿಳಿ ಸೇವಂತಿಗೆ ತಂದು, ಮಧ್ಯಾಹ್ನವೆಲ್ಲ ನನ್ನ ಅಡುಗೆಮನೆಯಲ್ಲಿ ಕೂತು ಮಾಲೆ ಕಟ್ಟಿದೆವು. ಅಂದು ನನಗೆ ನಲವತ್ನಾಲ್ಕನೆಯ ದಿನ. ಹೋಗಲು ಮನಸ್ಸಿರಲಿಲ್ಲ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಯಾವುದೆಂದು ಗೊತ್ತಿತ್ತು. ಅಕ್ಕೋರು ಉಳಿದ ಗೇಣುದ್ದ ಮಾಲೆಯನ್ನು ತಮ್ಮ ತುರುಬಿಗೆ ಮುಡಿದು, ಇನ್ನೊಂದನ್ನು ನನ್ನ ತಲೆಗೆ ಸಿಕ್ಕಿಸಿ, “ನಡಿ,” ಎಂದರು.

ಇಪ್ಪತ್ತು ಹೆಂಗಸರು ಹಾಲ್ ತುಂಬ ಕೂತಿದ್ದರು. ಮನೆಯಾಕೆಯ ತಾಯಿ, ಬೆಂಗಳೂರಿನಿಂದ ಆರು ತಿಂಗಳಿಗೆಂದು ಬಂದಿದ್ದವರು, ಅರಿಸಿನ ಕುಂಕುಮದ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕೊಡುತ್ತಾ ಬಂದರು. ನನ್ನ ಎಡಕ್ಕಿದ್ದವರಿಗೆ ಕೊಟ್ಟರು, ನನಗೆ ಕೊಟ್ಟರು, ಅಕ್ಕೋರನ್ನು ದಾಟಿ ಮುಂದಿನವರ ಹತ್ತಿರ ಹೋದರು. ಬೇಕೆಂದು ನೋಯಿಸಿದವರಲ್ಲ. ಕಣ್ಣು ತಪ್ಪಿಸಿದರು, ಅಷ್ಟೆ.

“ತಾಯೀ,” ಎಂದರು ಅಕ್ಕೋರು. “ಇಲ್ಲೊಬ್ಬಾಕಿ ಉಳದಾಳ್ರಿ.”

ಆ ತಾಯಿ ತಡವರಿಸಿದರು. “ಅಲ್ಲಾ, ನಿಮ್ಮ ಯಜಮಾನರು...”

“ಹೋಗಿ ಹನ್ನೊಂದು ವರ್ಷಾತ್ರಿ.”

“ಹಾಗಾದ್ರೆ... ಪದ್ಧತಿ ಒಂದಿದೆಯಲ್ಲಾ, ನಾನೇನೂ...”

“ಪದ್ಧತಿ ನನಗೂ ಗೊತ್ತೈತ್ರಿ.” ದನಿ ಏರಲಿಲ್ಲ. “ಅರಿಷಿಣ ಅವರು ತಂದು ಹಚ್ಚಿದ್ದಲ್ರಿ. ಹುಟ್ಟಿದಾಗ ನಮ್ಮವ್ವ ಹಚ್ಚಿದ್ದು. ಮತ್ತ ಆ ದೇವಿ ಕೊರಳಾಗಿನ ಹೂವಿನ ಮಾಲಿ ಐತಲ್ಲ, ಅದನ್ನ ಕಟ್ಟಿದಾಕಿ ನಾನು. ಈ ಕೈಲೇ. ಅಕಿಗೆ ನಡದೈತಿ. ನಿಮಗ ಯಾಕ ನಡ್ಯಂಗಿಲ್ಲ?”

ಕೈ ಚಾಚಿಯೇ ಇದ್ದರು. ಬಳೆ ಕಾಣುತ್ತಿತ್ತು. ಆ ತಾಯಿ ತಟ್ಟೆಯನ್ನು ಮಗಳ ಕೈಗೆ ಕೊಟ್ಟು ಒಳಗೆ ಹೋದರು. ಮಗಳ ಮುಖ ಕೆಂಪಾಗಿತ್ತು. ಬಗ್ಗಿ ಅಕ್ಕೋರ ಹಣೆಗೆ ತಾನೇ ಕುಂಕುಮ ಇಟ್ಟಳು, ಕಾಲಿಗೂ ನಮಸ್ಕರಿಸಿದಳು. ಮಾತು ಬದಲಿಸಲೆಂದೇ ಇರಬೇಕು, ಎದುರಿಗೆ ಕೂತಿದ್ದವರು ನನ್ನ ಕಡೆ ತಿರುಗಿ, “ನೀವು ಎಲ್ಲಿ ವರ್ಕ್ ಮಾಡ್ತಿರೋದು?” ಎಂದು ಕೇಳಿದರು.

ನನ್ನ ಬಳಿ ಉತ್ತರ ಸಿದ್ಧವಿತ್ತು. ಹಳೆಯ ಕಂಪನಿಯ ಹೆಸರು ಹೇಳಿ ಮಾತು ತಿರುಗಿಸುವುದು. ಆರು ವಾರದಿಂದ ಹಾಗೆಯೇ ಮಾಡಿದ್ದೆ. ಅಂದು ಆಗಲಿಲ್ಲ. ಅಷ್ಟು ಜನರ ಮುಂದೆ ಕೈ ಚಾಚಿ ಕೂತವರ ಪಕ್ಕದಲ್ಲಿ ಕೂತು ಮುಚ್ಚಿಡಲು ನಾಚಿಕೆಯಾಯಿತು.

“ಕೆಲಸ ಹೋಯ್ತು,” ಎಂದೆ. “ಇನ್ನು ಹದಿನಾರು ದಿನ ಇದೆ. ಅಷ್ಟರಲ್ಲಿ ಸಿಗದಿದ್ರೆ ಮೈಸೂರಿಗೆ ಹೋಗ್ತೀನಿ. ಟೆಸ್ಟಿಂಗ್ ಕೆಲಸ, ಹನ್ನೆರಡು ವರ್ಷದ ಅನುಭವ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ.”

ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಮೂಲೆಯಲ್ಲಿದ್ದ ಒಬ್ಬರು, “ನಂದೂ ಹೋಗಿದೆ, ಎರಡು ತಿಂಗಳಾಯ್ತು,” ಎಂದರು. ಅವರ ಪಕ್ಕದಲ್ಲೇ ಕೂತಿದ್ದ ಗೆಳತಿಗೂ ಅದು ಗೊತ್ತಿರಲಿಲ್ಲ. ಪ್ಲೆಸೆಂಟನ್ನಿನ ಒಂದು ಆಫೀಸಿನಲ್ಲಿದ್ದ ಇನ್ನೊಬ್ಬರು ಪ್ರಸಾದದ ತಟ್ಟೆ ಕೆಳಗಿಟ್ಟು, “ಇವತ್ತೇ ರೆಸ್ಯೂಮೆ ಕಳಿಸಿ,” ಎಂದರು. ಐವತ್ತಾರನೆಯ ದಿನ ಆ ಆಫೀಸಿನಿಂದಲೇ ನನ್ನ ವೀಸಾ ಅರ್ಜಿ ಹೋಯಿತು. ಮೂಲೆಯಲ್ಲಿದ್ದವರಿಗೆ ಸಿಗಲಿಲ್ಲ. ಅವರು ಆ ಚಳಿಗಾಲದಲ್ಲಿ ಮನೆ ಖಾಲಿ ಮಾಡಿ ಹೊರಟುಹೋದರು. ಅದೂ ಈ ಕಥೆಯಲ್ಲಿ ಸೇರಿದ್ದು.

ಪೂಜೆಯ ಮರುದಿನ ಅಕ್ಕೋರ ಪಾತ್ರೆ ಹಿಂದಿರುಗಿಸಲು ಹೋದಾಗ ಮನೆಯಲ್ಲಿ ಬಿಸಿ ಇತ್ತು. ಸುದ್ದಿ ಫೋನುಗಳಲ್ಲಿ ಹರಡಿತ್ತು. ಮಗ ಒಳ್ಳೆಯ ಮನುಷ್ಯ, ಮೆತ್ತಗಿನವರು, ಯಾರ ಹತ್ತಿರವೂ ಮಾತು ಬೆಳೆಸದವರು. “ಅವ್ವಾ, ಇಲ್ಲಿ ನಾವು ನಾಲ್ಕು ಮಂದಿ ಕನ್ನಡದವರು ಇರೋದು. ಜನ ಏನಂತಾರ?” ಎಂದರು.

“ಯಾವ ಜನ?” ಅಕ್ಕೋರು ಮೊಸರು ಕಡೆಯುವುದನ್ನು ನಿಲ್ಲಿಸಲಿಲ್ಲ. “ಆ ಜನ ಅನ್ನೋರ ಮನಿ ಯಾವ ಎಕ್ಸಿಟಿನಾಗ ಬರ್ತೈತಿ ಹೇಳು. ಈ ಹುಡುಗಿ ಕಾರ್ ತಂದಾಳ. ಹೋಗಿ ಮಾತಾಡಿ ಬರ್ತೀನಿ.”

ಮೆಟ್ಟಿಲ ಮೇಲೆ ಕೂತಿದ್ದ ಮೊಮ್ಮಗಳು ಫೋನಿನಿಂದ ತಲೆಯೆತ್ತದೆ, “ಅಜ್ಜಿ ಈಸ್ ರೈಟ್, ಅಪ್ಪಾ,” ಎಂದಳು. ಮಗ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಒಳಗೆ ಹೋದರು. ಆಮೇಲೆ ತುಂಬಾ ದಿನ ತಾಯಿ ಮಗನ ನಡುವೆ ಊಟಕ್ಕೆ ಬಾ, ಬಂದೆ ಎಂಬಷ್ಟೇ ಮಾತು. ಅಕ್ಕೋರಿಗೆ ಅದು ನೋಯುತ್ತಿತ್ತು. ಆದರೂ ಬಳೆ ತೆಗೆಯಲಿಲ್ಲ, ಹೂವು ಬಿಡಲಿಲ್ಲ. ಲಿವರ್‌ಮೋರಿನ ದೇವಸ್ಥಾನಕ್ಕೆ ಹೋದರೂ ತುರುಬಿನಲ್ಲಿ ಸಂತೆಯ ಸೇವಂತಿಗೆ ಇರಲೇಬೇಕು. ತಿರುಗಿ ನೋಡಿದವರನ್ನು ತಾವೂ ತಿರುಗಿ ನೋಡುತ್ತಿದ್ದರು.

ಕೆಲಸ ಸಿಕ್ಕ ಮೇಲೂ ನಮ್ಮ ಶನಿವಾರಗಳು ನಡೆದವು, ಎರಡು ವರ್ಷಕ್ಕೂ ಮೇಲೆ. ಮೂರನೆಯ ಬೇಸಿಗೆಯಲ್ಲಿ ಅವರ ಊಟ ಕಡಿಮೆಯಾಯಿತು. ಸೊಸೆಯೇ ಗುರುತಿಸಿ ಪರೀಕ್ಷೆ ಮಾಡಿಸಿದರು. ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ನಿನ ಬೆಳಗ್ಗೆ ನಾನೂ ಹೋಗಿದ್ದೆ. ನರ್ಸು ಬಂದು, ಮೈಮೇಲೆ ಏನೂ ಇರಕೂಡದು, ಬಳೆ ಬರದಿದ್ದರೆ ಕತ್ತರಿಸಲು ಯಂತ್ರ ತರುತ್ತೇನೆ ಎಂದಳು. ಪಾಪ, ಅವಳ ನಿಯಮ ಅವಳಿಗೆ. ಮಗ, “ಹೋಗ್ಲಿ ಬಿಡವ್ವಾ, ಇಂಥಾದ್ದೇ ಇನ್ನೊಂದು ಕೊಡಸ್ತೀನಿ,” ಎಂದರು.

ಅಕ್ಕೋರು ದಿಂಬಿನಿಂದ ತಲೆ ಎತ್ತಿದರು. ಮೈ ಅರ್ಧಕ್ಕೆ ಇಳಿದಿತ್ತು, ದನಿ ಇಳಿದಿರಲಿಲ್ಲ. “ಒಮ್ಮೆ ಒಡ್ಯಾಕ ಕೈ ಕೊಟ್ಟೀನಿ. ಎರಡನೇ ಸಲ ಕೊಡಂಗಿಲ್ಲ. ನೀನೂ ಇದ್ದಿ ಅವತ್ತು. ಹಿತ್ತಲ ಬಾಗಲದಾಗ ನಿಂತಿದ್ದಿ.”

ಬಳೆ ಒಡೆದ ದಿನ ಮಗನಿಗೆ ಮೂವತ್ತರ ಮೇಲೆ ವಯಸ್ಸು, ತಂದೆಯ ಕಾರ್ಯಕ್ಕೆಂದು ಇಲ್ಲಿಂದ ಹೋಗಿದ್ದವರು.

“ಸಾಬೂನು ತರಸು,” ಎಂದರು ಅಕ್ಕೋರು. “ಮತ್ತ ಒಂದು ತೆಳು ಚೀಲ. ಹ್ಯಾಂಗ ತಗೀಬೇಕು ನಾ ಹೇಳ್ತೀನಿ.”

ನರ್ಸಿನ ಕಡೆಯಿಂದ ಸಾಬೂನು, ಪ್ಲಾಸ್ಟಿಕ್ ಚೀಲ ಎರಡೂ ಸಿಕ್ಕವು. ನಾನು ಮುಂದೆ ಹೋದೆ. ಮಗ ನನ್ನನ್ನು ತಡೆದು ತಾವೇ ಹಾಸಿಗೆಯ ಪಕ್ಕ ಮಂಡಿಯೂರಿ ಕೂತರು. ಅಕ್ಕೋರು ಒಂದೊಂದೇ ಹೆಜ್ಜೆ ಹೇಳಿದರು: ಹೆಬ್ಬೆರಳು ಒಳಗೆ ಮಡಚು, ಗೆಣ್ಣು ಒತ್ತು, ಚೀಲವನ್ನು ಬಳೆಯ ಕೆಳಗೆ ತೂರಿಸು, ಅವಸರ ಬೇಡ. ಗೆಣ್ಣಿನ ಹತ್ತಿರ ಅಕ್ಕೋರು ಹಲ್ಲು ಕಚ್ಚಿದರು. ಮಗ ನಿಲ್ಲಿಸಿದರು. “ನಿಂದರಬ್ಯಾಡ, ಎಳಿ,” ಎಂದರು. ಬಳೆ ಇಡಿಯಾಗಿ ಹೊರಬಂತು. ಮಗ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು, ಅವ್ವನ ಹಾಸಿಗೆಗೆ ಹಣೆ ಹಚ್ಚಿ, “ನಾ ಅವತ್ತು ಅನಬೇಕಿತ್ತವ್ವಾ. ಬ್ಯಾಡ ಅಂತ ಅನಬೇಕಿತ್ತು,” ಎಂದು ಅತ್ತರು.

“ನಾನೂ ಅನ್ಲಿಲ್ಲಲ್ಲೋ,” ಎಂದರು ಅವರು, ಮಗನ ತಲೆಯ ಮೇಲೆ ಸಾಬೂನಿನ ಕೈ ಇಟ್ಟು. “ಇಬ್ಬರೂ ಒಂದೇ ಸಾಲ್ಯಾಗ ಫೇಲ್ ಆದವರು ನಾವು.”

ನಾಲ್ಕನೆಯ ದಿನ ಬಾವು ಇಳಿದ ಮೇಲೆ ಮಗನೇ ಅದನ್ನು ಮತ್ತೆ ತೊಡಿಸಿದರು. ಅಲ್ಲಿಂದ ಮುಂದೆ ಶನಿವಾರ ಕಾರು ಓಡಿಸಿದ್ದು ಅವರೇ. ನಾನು ಹಿಂದಿನ ಸೀಟಿನಲ್ಲಿ. ಅಕ್ಕೋರಿಗೆ ನಡೆಯಲಾಗದಿದ್ದಾಗ ಗಾಲಿಕುರ್ಚಿ ತಳ್ಳುತ್ತಿದ್ದರು, ಮೇಜಿನಿಂದ ಮೇಜಿಗೆ, ಅವ್ವ ಸಾಕು ಅನ್ನುವವರೆಗೆ. ಸಾಕು ಅನ್ನುತ್ತಿದ್ದುದು ಬಹಳ ಕಡಿಮೆ.

ಗಡ್ಡೆ ಮತ್ತೆ ಬಂತು. ಫೆಬ್ರವರಿಯಲ್ಲಿ, ಓಣಿಯ ಮರಗಳೆಲ್ಲ ಎಲೆಗೆ ಮೊದಲೇ ಹೂ ಬಿಟ್ಟ ವಾರದಲ್ಲಿ, ಅಕ್ಕೋರು ಮನೆಯಲ್ಲೇ ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು ನೋಡಲು ಹೋಗಿದ್ದೆ. “ಏನರ ಬೇಕೇನ್ರಿ ಅಕ್ಕೋರೇ?” ಎಂದು ಅವರದೇ ಧಾಟಿಯಲ್ಲಿ ಕೇಳಿದೆ. ನಕ್ಕರು. “ಸಮಾಧಾನದಿಂದ ಹೋದಳು ಅಂತ ಯಾರರ ಹೇಳಿದ್ರ ನಂಬಬ್ಯಾಡ ತಂಗಿ. ನನಗ ಸಮಾಧಾನ ಇಲ್ಲ. ಇನ್ನೂ ಭಾಳ ನೋಡೂದೈತಿ.” ಅದನ್ನು ಅವರು ಹೇಳಿದಂತೆಯೇ ಇಲ್ಲಿ ಬರೆದಿದ್ದೇನೆ.

ಅಂತ್ಯಕ್ರಿಯೆಗೆ ಮೊದಲು ಹಿರಿಯರೊಬ್ಬರು ಬಳೆ, ಹೂವು ತೆಗೆಯಬೇಕಲ್ಲ ಎಂದರು. ಮಗ, ಎಂದೂ ಮಾತು ಬೆಳೆಸದವರು, “ತಗ್ಯಂಗಿಲ್ರಿ,” ಎಂದರು. ಮತ್ತೆ ಯಾರೂ ಕೇಳಲಿಲ್ಲ. ಆ ಶನಿವಾರ ನಾವಿಬ್ಬರೂ ಸಂತೆಗೆ ಹೋಗಿ ಚೀನೀ ಅಜ್ಜಿಗೆ ಫೋನಿನಲ್ಲಿದ್ದ ಅಕ್ಕೋರ ಫೋಟೋ ತೋರಿಸಿ, ಕೈಮುಗಿದು, ಆಕಾಶ ತೋರಿಸಿದೆವು. ಅಜ್ಜಿ ಟೋಪಿ ತೆಗೆದು ನಿಂತರು. ಆಮೇಲೆ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಒಂದು ಪದವೂ ತಿಳಿಯಲಿಲ್ಲ. ಮುಗಿಯುವವರೆಗೂ ನಿಂತು ಕೇಳಿದೆವು.

ಈಗ ಪ್ಲೆಸೆಂಟನ್ನಿನ ಅದೇ ಆಫೀಸಿನಲ್ಲಿ ನನ್ನ ಕೈಕೆಳಗೆ ಎಂಟು ಜನ ಇದ್ದಾರೆ. ಕಳೆದ ತಿಂಗಳು ಮೇಲಿನವರು ಕರೆದು, ತಂಡದಲ್ಲಿ ಇಬ್ಬರನ್ನು ಕಡಿಮೆ ಮಾಡಬೇಕಾಗಿದೆ, ಯಾರ ಕೆಲಸ ಸರಿಯಿಲ್ಲವೋ ಅವರ ಹೆಸರು ಬರೆದುಕೊಡು ಎಂದರು. ಎಂಟೂ ಜನರ ಕೆಲಸ ಸರಿಯಾಗಿಯೇ ಇದೆ ಎಂದೆ. ಅದು ಗೊತ್ತು, ಆದರೆ ಕಾಗದದ ಮೇಲೆ ಹಾಗೆ ಬೇಕು ಎಂದರು. ದುಡ್ಡಿಲ್ಲದೆ ತೆಗೆಯುವುದಾದರೆ ದುಡ್ಡಿಲ್ಲ ಎಂದು ಬರೆಯಿರಿ, ಕೆಲಸ ಬಾರದವರು ಎಂದು ನಾನು ಬರೆಯುವುದಿಲ್ಲ ಎಂದೆ. ನಿನ್ನ ವೀಸಾ ಇನ್ನೂ ನಮ್ಮ ಕೈಯಲ್ಲೇ ಇದೆಯಲ್ಲ, ಯೋಚಿಸಿ ಹೇಳು ಎಂದು ಮೃದುವಾಗಿ ಹೇಳಿದರು.

ಹನ್ನೊಂದು ವರ್ಷ ಸುಟ್ಟ ಒಂದು ಮೌನ ಎಂಥದೆಂದು ಕಂಡವಳು ನಾನು. ಅಕ್ಕೋರು ಅದನ್ನು ತೋರಿಸಿರದಿದ್ದರೆ ಅಂದು ಖಂಡಿತ ಎರಡು ಹೆಸರು ಬರೆದು, ಮನೆಗೆ ಬಂದು, ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿರುತ್ತಿದ್ದೆ. “ಯೋಚಿಸಿಯೇ ಹೇಳಿದ್ದು,” ಎಂದೆ. ಆ ಇಬ್ಬರ ಗತಿ ಏನಾಗುತ್ತದೋ, ನನ್ನ ಗತಿ ಏನಾಗುತ್ತದೋ, ಇದನ್ನು ಬರೆಯುವ ಹೊತ್ತಿಗೆ ಇನ್ನೂ ತಿಳಿದಿಲ್ಲ. ನಿನ್ನೆ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೆಸರು ಬರೆಯಲೆಂದು ಮೇಲಿನವರು ಕೊಟ್ಟ ಹಾಳೆಯನ್ನು ಅಂದೇ ಖಾಲಿಯಾಗಿ ಅವರ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೇನೆ.